ಬೆಂಕಿ ಒಪ್ಪಿದಷ್ಟೇ ಬಣ್ಣ

ಪಿಂಗಾಣಿ ಕಾರ್ಖಾನೆಯ ಬಣ್ಣದ ಕೋಣೆಗೆ ಮೊದಲ ಸಲ ಕಾಲಿಟ್ಟವರಿಗೆ ಸಣ್ಣದೊಂದು ನಿರಾಸೆ ಕಾದಿರುತ್ತದೆ. ಹೂಬಳ್ಳಿಯ ತಟ್ಟೆಗಳು ಹುಟ್ಟುವ ಜಾಗ ಇದು ಎಂದು ಕಣ್ಣರಳಿಸಿಕೊಂಡು ಹೋದರೆ ಮೇಜಿನ ಮೇಲಿರುವುದು ಬೂದು, ಕಂದು, ಕಪ್ಪು ಪುಡಿಗಳ ಡಬ್ಬಿಗಳು. ಟರ್ಪೆಂಟೈನ್ ವಾಸನೆ ಮೂಗಿಗೆ ಅಡರುತ್ತದೆ. ಕಿಟಕಿಯ ಪಕ್ಕ ಕುಳಿತ ಕೆಲಸಗಾರ್ತಿ ಎಡಗೈಯಿಂದ ಪುಟ್ಟ ತಿರುಗುಮಣೆಯನ್ನು ಸುತ್ತಿಸುತ್ತಾಳೆ. ಅದರ ಮೇಲೊಂದು ಬಿಳಿ ತಟ್ಟೆ. ಬಲಗೈಯ ಕುಂಚ ಅಲುಗುವುದೇ ಇಲ್ಲ, ತಟ್ಟೆಯೇ ಸುತ್ತುತ್ತಾ ಅಂಚಿಗೆ ಗೆರೆ ಎಳೆಸಿಕೊಳ್ಳುತ್ತದೆ. ಗೆರೆ ಕಡುಗಂದು, ನೋಡಲು ಕೊಳೆಯಂತೆ. ಮರುದಿನ ಗೂಡಿನ ಬಾಗಿಲು ತೆರೆದಾಗ ಅದೇ ಗೆರೆ ಥಳಥಳ ಹೊಳೆಯುವ ಚಿನ್ನ.

ಅರೆದ ಮದರಂಗಿ ಹಸಿರು, ಅಂಗೈಯಲ್ಲಿ ಉಳಿಯುವುದು ಕೆಂಪು. ಇಲ್ಲಿಯೂ ಹಾಗೆಯೇ. ವ್ಯತ್ಯಾಸವೆಂದರೆ, ಅಂಗೈಯ ಬಿಸುಪಿನ ಬದಲು ಏಳೆಂಟು ನೂರು ಡಿಗ್ರಿ ಸೆಲ್ಸಿಯಸ್ ಬೇಕು.

ಟೀ ಕಪ್ಪಿನ ಮೇಲಿನ ಗುಲಾಬಿ ಹೂವನ್ನು ನಾವು ದಿನವೂ ನೋಡುತ್ತೇವೆ. ಕೆಲವು ಕಪ್ಪುಗಳ ಹೂವು ವರ್ಷಗಟ್ಟಲೆ ತೊಳೆದರೂ ಹಾಗೇ ಇರುತ್ತದೆ, ಕೆಲವದು ಒಂದೇ ವರ್ಷದಲ್ಲಿ ಮಾಸುತ್ತದೆ. ಬಣ್ಣ ಕಳಪೆ ಎಂದು ಬೈದು ಸುಮ್ಮನಾಗುತ್ತೇವೆ. ಆದರೆ ಕಾರಣ ಬಹುಪಾಲು ಇರುವುದು ಆ ಹೂವು ಎಷ್ಟು ಬಿಸಿಯಲ್ಲಿ ಬೆಂದಿದೆ ಎಂಬುದರಲ್ಲಿ. ಪಿಂಗಾಣಿ ಚಿತ್ರಕಲೆಯ ಸಾವಿರ ವರ್ಷಗಳ ಕಥೆ ಬಹುತೇಕ ಒಂದೇ ಜಗ್ಗಾಟದ ಕಥೆ: ಹೆಚ್ಚು ಬಣ್ಣ ಬೇಕೆಂದರೆ ಬಿಸಿ ಕಡಿಮೆ ಮಾಡಬೇಕು, ಬಿಸಿ ಕಡಿಮೆ ಮಾಡಿದರೆ ಬಾಳಿಕೆ ಕುಂದುತ್ತದೆ.

ಗಾಜಿನ ಮೇಲೆ ಗಾಜು

ಮಣ್ಣಿನ ಪಾತ್ರೆಗೆ ಹೊಳಪು ಕೊಡುವ ಪದರಕ್ಕೆ ಗ್ಲೇಜ್ ಎನ್ನುತ್ತಾರೆ. ಅದು ವಾರ್ನಿಷ್ ಅಲ್ಲ, ಅಪ್ಪಟ ಗಾಜು. ಮರಳಿನಲ್ಲಿರುವ ಸಿಲಿಕಾ ಅದರ ಮೂಲ. ಸಿಲಿಕಾ ಒಂದೇ ಇದ್ದರೆ ಕರಗಲು 1,700 ಡಿಗ್ರಿ ಬೇಕು, ಅಷ್ಟು ಬಿಸಿಗೆ ಪಾತ್ರೆಯೇ ಕುಸಿದುಬೀಳುತ್ತದೆ. ಹಾಗಾಗಿ ಸೋಡಾ, ಪೊಟ್ಯಾಷ್, ಸುಣ್ಣ, ಬೋರಾಕ್ಸ್, ಹಿಂದಿನ ಕಾಲದಲ್ಲಿ ಧಾರಾಳವಾಗಿ ಸೀಸ, ಹೀಗೆ ಯಾವುದಾದರೊಂದು ಕರಗಿಸುವ ವಸ್ತು ಸೇರಿಸಿ ಆ ಬಿಸಿಯನ್ನು ಇಳಿಸುತ್ತಾರೆ. ಉಪ್ಪಿನಕಾಯಿ ಜಾಡಿಯ ಕಂದು ಭುಜವೂ ಇಂಥದೇ ಗಾಜು, ಅದರ ಬಣ್ಣ ಕಬ್ಬಿಣದ್ದು.

ಇಷ್ಟು ಬಿಸಿಯಲ್ಲಿ ಎಲೆ, ಬೇರು, ಹೂವಿನ ಬಣ್ಣಗಳೆಲ್ಲ ಸುಟ್ಟು ಹೊಗೆಯಾಗುತ್ತವೆ. ಉಳಿಯುವುದು ಲೋಹದ ಬಣ್ಣ ಮಾತ್ರ. ಕೋಬಾಲ್ಟ್ ನೀಲಿ ಕೊಡುತ್ತದೆ, ಮ್ಯಾಂಗನೀಸ್ ನೇರಳೆಗಂದು, ಕ್ರೋಮಿಯಂ ಹಸಿರು. ತಾಮ್ರ ಚಂಚಲ. ಸೀಸದ ಗಾಜಿನಲ್ಲಿ ಅದು ಹುಲ್ಲುಹಸಿರು, ಸೋಡಾದ ಗಾಜಿನಲ್ಲಿ ನವಿಲುನೀಲಿ, ಗೂಡಿಗೆ ಗಾಳಿ ಕಡಿಮೆ ಬಿಟ್ಟು ಹೊಗೆ ತುಂಬಿಸಿದರೆ ರಕ್ತಗೆಂಪು. ಕಬ್ಬಿಣವೂ ಹಾಗೆಯೇ, ಹಳದಿಯಿಂದ ಕಪ್ಪಿನವರೆಗೆ ಎಲ್ಲ ವೇಷ ಹಾಕುತ್ತದೆ.

ಈ ಬಣ್ಣವನ್ನು ಮೂರು ಕಡೆ ಇಡಬಹುದು. ಗ್ಲೇಜಿನ ಕೆಳಗೆ ಬರೆದು ಮೇಲೆ ಗಾಜು ಹೊದಿಸಿದರೆ ಚಿತ್ರ ಶಾಶ್ವತ. ಆದರೆ ಆ ಬಣ್ಣ ಪಾತ್ರೆ ಬೇಯುವ ಪೂರ್ತಿ ಬಿಸಿಯನ್ನು ತಾಳಬೇಕು. ಇನ್ನೂ ಸುಡದ, ಪುಡಿಪುಡಿಯಾದ ಬಿಳಿ ಗ್ಲೇಜಿನ ಮೇಲೆ ಬರೆದರೆ ಎರಡೂ ಒಟ್ಟಿಗೆ ಕರಗಿ ಬೆರೆಯುತ್ತವೆ. ಇಟಲಿಯ ಮಜೋಲಿಕಾ ಪಾತ್ರೆಗಳು ಈ ಬಗೆಯವು. ಅಲ್ಲಿ ಕುಂಚ ಸೋಕಿದ ಕೂಡಲೇ ಪುಡಿ ನೀರನ್ನು ಹೀರಿಕೊಳ್ಳುವುದರಿಂದ ಎಳೆದ ಗೆರೆ ಎಳೆದದ್ದೇ, ಅಳಿಸುವ ಮಾತಿಲ್ಲ. ಮೂರನೆಯದು ಓವರ್‌ಗ್ಲೇಜ್. ಪೂರ್ತಿ ಬೆಂದು ಹೊಳೆಯುತ್ತಿರುವ ತಟ್ಟೆಯ ಮೇಲೆ ಬರೆದು, ಮತ್ತೆ ಮೆಲುಬಿಸಿಯಲ್ಲಿ ಸುಡುವುದು. ನಮ್ಮ ಗುಲಾಬಿ ಕಪ್ಪುಗಳ ಗುಟ್ಟು ಬಹುಮಟ್ಟಿಗೆ ಇಲ್ಲಿದೆ.

ನೀಲಿ ಗೆದ್ದದ್ದು ಹೇಗೆ

ನಿಜವಾದ ಪಿಂಗಾಣಿ ಬೇಯಲು 1,300 ಡಿಗ್ರಿ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕು. ಆ ಬಿಸಿಯಲ್ಲಿ ಬಹುತೇಕ ಬಣ್ಣಗಳು ಮಾಸುತ್ತವೆ, ಇಲ್ಲವೇ ಆವಿಯಾಗುತ್ತವೆ. ಕೋಬಾಲ್ಟ್ ಮಾತ್ರ ಜಗ್ಗುವುದಿಲ್ಲ. ಚೀನಾದ ಪಿಂಗಾಣಿ ಎಂದೊಡನೆ ನೀಲಿ-ಬಿಳಿ ಕಣ್ಣಿಗೆ ಬರುವುದಕ್ಕೆ ಚೀನೀಯರ ಅಭಿರುಚಿಯಷ್ಟೇ ಈ ರಸಾಯನವೂ ಕಾರಣ. ಜಿಂಗ್‌ಡೆಝೆನ್ ಊರಿನ ಗೂಡುಗಳಿಗೆ ಒಳ್ಳೆಯ ಕೋಬಾಲ್ಟ್ ಇರಾನಿನ ಕಡೆಯಿಂದ ಹೋಗುತ್ತಿತ್ತು. 1351ರ ದಿನಾಂಕ ಬರೆದಿರುವ, ಈಗ ಲಂಡನ್ನಿನಲ್ಲಿರುವ ಡೇವಿಡ್ ಹೂದಾನಿಗಳ ಜೋಡಿ ಆ ಹೊತ್ತಿಗೇ ಈ ಕೆಲಸ ಎಷ್ಟು ಪಳಗಿತ್ತು ಎಂಬುದಕ್ಕೆ ಸಾಕ್ಷಿ.

ನೀಲಿಯೊಂದಕ್ಕೇ ತೃಪ್ತರಾಗದವರು ಅದಕ್ಕೂ ಮೊದಲೇ ಇದ್ದರು. ಇರಾನಿನ ಕಾಶಾನ್ ನಗರದ ಕುಂಬಾರರು 12ನೇ ಶತಮಾನದ ಕೊನೆಗೆ ಒಂದು ಉಪಾಯ ಮಾಡಿದರು. ಬಟ್ಟಲನ್ನು ಮೊದಲು ಗ್ಲೇಜ್ ಹಾಕಿ ಸುಟ್ಟರು. ಬಳಿಕ ಲೋಹದ ಬಣ್ಣವನ್ನು ಬೇಗ ಕರಗುವ ಗಾಜಿನ ಪುಡಿಯೊಂದಿಗೆ ಬೆರೆಸಿ, ಅದರಲ್ಲಿ ರಾಜರನ್ನೂ ಕುದುರೆಗಳನ್ನೂ ಪ್ರೇಮಿಗಳನ್ನೂ ಬರೆದು, ಮತ್ತೊಮ್ಮೆ ಮೆಲ್ಲಗೆ ಸುಟ್ಟರು. ಮಿನಾಯಿ ಎಂದು ಹೆಸರಾದ ಈ ಬಟ್ಟಲುಗಳಲ್ಲಿ ಕೆಂಪು, ಕಪ್ಪು, ಬಿಳಿ, ಚಿನ್ನ ಎಲ್ಲವೂ ಒಟ್ಟಿಗೆ ಬಂದವು. ಅದೇ ಊರಿನ ಅಬುಲ್ ಖಾಸಿಂ 1301ರಲ್ಲಿ ಬರೆದ ಗ್ರಂಥದಲ್ಲಿ ಮಣ್ಣು, ಗ್ಲೇಜ್, ಬಣ್ಣಗಳ ವಿವರ ಕೊಟ್ಟಿದ್ದಾನೆ. ಕುಂಬಾರಿಕೆಯ ಮನೆತನದವನು ಗುಟ್ಟನ್ನು ಬರೆದಿಟ್ಟದ್ದು ನಮ್ಮ ಪುಣ್ಯ.

ಈ ಉಪಾಯದ ತಿರುಳು ಸರಳ. ಬಣ್ಣದ ಜೊತೆಗಿನ ಗಾಜಿನ ಪುಡಿ 700ರಿಂದ 850 ಡಿಗ್ರಿಯೊಳಗೆ ಕರಗುತ್ತದೆ. ಆ ಬಿಸಿಗೆ ಕೆಳಗಿನ ಗ್ಲೇಜ್ ಕರಗಿ ಹರಿಯುವುದಿಲ್ಲ, ಮೇಲ್ಮೈ ಮಾತ್ರ ಕೊಂಚ ಮೆದುವಾಗುತ್ತದೆ. ಎರಡು ಗಾಜುಗಳೂ ಒಂದನ್ನೊಂದು ಕಚ್ಚಿಕೊಳ್ಳಲು ಅಷ್ಟು ಸಾಕು. ಬಿಸಿ ಕಡಿಮೆಯಾದರೆ ಬಣ್ಣ ಒರಟಾಗಿ ಮೇಲೇ ಕೂತಿರುತ್ತದೆ, ಉಜ್ಜಿದರೆ ಬರುತ್ತದೆ. ಹೆಚ್ಚಾದರೆ ಗ್ಲೇಜಿನೊಳಗೆ ಇಳಿದು ಮಂಕಾಗುತ್ತದೆ.

ಮೇಜಿನ ಮೇಲಿನ ಕೆಲಸ

ಓವರ್‌ಗ್ಲೇಜ್ ಬಣ್ಣ ಪುಡಿಯಾಗಿ ಬರುತ್ತದೆ. ಅದನ್ನು ಗಾಜಿನ ಹಲಗೆಯ ಮೇಲೆ ಹಾಕಿ, ಎಣ್ಣೆ ಬೆರೆಸಿ, ಚಪ್ಪಟೆ ಚಾಕುವಿನಿಂದ ತೀಡಬೇಕು, ಒಂದು ಕಾಳೂ ಕೈಗೆ ಸಿಗದ ಹಾಗೆ. ಸಾಂಪ್ರದಾಯಿಕ ಎಣ್ಣೆ ಎಂದರೆ ಟರ್ಪೆಂಟೈನನ್ನು ತೆರೆದಿಟ್ಟು, ಆವಿಯಾಗಿ ಗಟ್ಟಿಯಾದ ಅಂಟುಎಣ್ಣೆ. ಬೇಗ ಒಣಗಬಾರದೆಂದರೆ ಲವಂಗದ ಎಣ್ಣೆಯೋ ಲ್ಯಾವೆಂಡರ್ ಎಣ್ಣೆಯೋ ಸೇರಿಸುತ್ತಾರೆ. ಎಣ್ಣೆಗೆ ಬಣ್ಣದಲ್ಲಿ ಯಾವ ಪಾಲೂ ಇಲ್ಲ. ಪುಡಿಯನ್ನು ಕುಂಚದಿಂದ ತಟ್ಟೆಗೆ ಸಾಗಿಸಿ, ಗೂಡಿನಲ್ಲಿ ಸುಟ್ಟುಹೋಗುವುದಷ್ಟೇ ಅದರ ಕೆಲಸ. ಆದರೆ ಹದ ತಪ್ಪಿ ಎಣ್ಣೆ ಹೆಚ್ಚಾದರೆ ಬಣ್ಣ ಗುಳ್ಳೆ ಏಳುತ್ತದೆ. ಬಣ್ಣ ದಪ್ಪವಾದರೆ ಸುಟ್ಟ ಮೇಲೆ ಚಕ್ಕೆಚಕ್ಕೆಯಾಗಿ ಹಾರುತ್ತದೆ. ಅದಕ್ಕೇ ಗಾಢ ಬಣ್ಣ ಬೇಕಾದರೆ ಅನುಭವಿಗಳು ತೆಳ್ಳಗೆ ಬರೆದು ಸುಟ್ಟು, ಮತ್ತೆ ಬರೆದು ಮತ್ತೆ ಸುಡುತ್ತಾರೆ.

ಹೊಳೆಯುವ ಗಾಜಿನ ಮೇಲೆ ಬರೆಯುವುದರಿಂದ ಒಂದು ದೊಡ್ಡ ಸೌಕರ್ಯವಿದೆ. ಗೆರೆ ಕೆಟ್ಟರೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು, ತಟ್ಟೆ ಮತ್ತೆ ಬಿಳಿ. ಕಲಿಯುವವರಿಗೆ ಇದಕ್ಕಿಂತ ಕರುಣೆಯ ಮಾಧ್ಯಮ ಇಲ್ಲ. ಆ ಕರುಣೆ ಗೂಡಿನ ಬಾಗಿಲು ಮುಚ್ಚುವವರೆಗೆ ಮಾತ್ರ. ಬೆರಳಿನ ಜಿಡ್ಡು, ಒಂದು ಧೂಳಿನ ಎಳೆ, ಕುಂಚದ ಕೂದಲು, ಎಲ್ಲವೂ ಗುರುತು ಬಿಡಬಲ್ಲವು.

ಸುಡುವುದಕ್ಕೂ ಒಂದು ಸರದಿ ಇದೆ. ಹೆಚ್ಚು ಬಿಸಿ ಬೇಡುವ ಬಣ್ಣ ಮೊದಲು, ಕಡಿಮೆ ಬಿಸಿಯದು ನಂತರ, ಚಿನ್ನ ಸಾಮಾನ್ಯವಾಗಿ ಕೊನೆಗೆ. ಹಿಂದೆ ಮುಂದಾದರೆ ಮೊದಲು ಬಂದ ಬಣ್ಣ ಎರಡನೇ ಬೆಂಕಿಯಲ್ಲಿ ಕೆಡುತ್ತದೆ. ಗೂಡು ಕಾಯತೊಡಗಿದಾಗ ಎಣ್ಣೆಯ ಹೊಗೆ ಹೊರಹೋಗಲು ಮುಚ್ಚಳವನ್ನು ಸ್ವಲ್ಪ ತೆರೆದಿಡಬೇಕು, ಇಲ್ಲದಿದ್ದರೆ ಬಣ್ಣ ಮಂಕು ಬಡಿಯುತ್ತದೆ. ಬಿಸಿ ಎಷ್ಟಾಯಿತೆಂದು ತಿಳಿಯಲು ಗೂಡಿನೊಳಗೆ ಪುಟ್ಟ ಶಂಕುಗಳನ್ನು ನಿಲ್ಲಿಸುವ ಪದ್ಧತಿ ಇಂದಿಗೂ ಇದೆ. ಗೊತ್ತಾದ ಬಿಸಿ ತಟ್ಟಿದಾಗ ಶಂಕು ತಲೆಬಾಗುತ್ತದೆ. ಜರ್ಮನಿಯ ಹರ್ಮನ್ ಸೇಗರ್ 1886ರಲ್ಲಿ ಇದನ್ನು ಬಳಕೆಗೆ ತಂದ. ಡಿಜಿಟಲ್ ಮೀಟರ್ ಆ ಕ್ಷಣದ ಬಿಸಿಯನ್ನು ಹೇಳುತ್ತದೆ. ಶಂಕುವಾದರೋ ಎಷ್ಟು ಹೊತ್ತು, ಎಷ್ಟು ಬಿಸಿ ಎರಡನ್ನೂ ಕೂಡಿ ಹೇಳುತ್ತದೆ. ಕುಂಬಾರರು ಅದನ್ನು ಇನ್ನೂ ಕೈಬಿಡದಿರುವುದು ಹಳೆಯದರ ಮೋಹದಿಂದಲ್ಲ.

ಗುಲಾಬಿಯೊಳಗೆ ಚಿನ್ನ

ಬಣ್ಣಗಳಲ್ಲೆಲ್ಲ ಗುಲಾಬಿಯೇ ಹೆಚ್ಚು ಕಾಡಿಸಿದ್ದು. ಕಬ್ಬಿಣದ ಕೆಂಪು ಇಟ್ಟಿಗೆಯ ಕಡೆ ವಾಲುತ್ತದೆ, ಅದನ್ನು ತೆಳು ಮಾಡಿದರೆ ಗುಲಾಬಿ ಬರುವುದಿಲ್ಲ. ಉತ್ತರ ಸಿಕ್ಕಿದ್ದು ಚಿನ್ನದಲ್ಲಿ. ಚಿನ್ನವನ್ನು ಆಮ್ಲದಲ್ಲಿ ಕರಗಿಸಿ ತವರದ ದ್ರಾವಣ ಬೆರೆಸಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳ ನೇರಳೆ ಮಡ್ಡಿ ತಳಕ್ಕಿಳಿಯುತ್ತದೆ. 17ನೇ ಶತಮಾನದ ಜರ್ಮನ್ ವೈದ್ಯ ಆಂಡ್ರಿಯಾಸ್ ಕ್ಯಾಸಿಯಸ್‌ನ ಹೆಸರು ಇದಕ್ಕೆ ಅಂಟಿಕೊಂಡಿದೆ. ಗಾಜಿನಲ್ಲಿ ಬೆರೆತಾಗ ಆ ಕಣಗಳೇ ಗುಲಾಬಿ ಬಣ್ಣ. ಬಿಸಿ ಸಾಲದಿದ್ದರೆ ಕಂದುಕಂದಾಗಿ ಉಳಿಯುತ್ತದೆ, ಮೀರಿದರೆ ನೇರಳೆಗೆ ಹೊರಳುತ್ತದೆ. ಹೂವಿನ ಒಂದು ದಳಕ್ಕಾಗಿ ಇಡೀ ಗೂಡಿನ ಹದ ಕಾಯಬೇಕು.

1720ರ ದಶಕದಲ್ಲಿ ಚೀನಾದ ಪಿಂಗಾಣಿಯ ಮೇಲೂ ಈ ಗುಲಾಬಿ ಅರಳಿತು. ಚೀನೀಯರೇ ಇಂಥವನ್ನು ವಿದೇಶಿ ಬಣ್ಣಗಳು ಎಂದು ಕರೆದದ್ದುಂಟು. ಆ ಹೊತ್ತಿನಲ್ಲಿ ಜಿಂಗ್‌ಡೆಝೆನ್‌ನಲ್ಲಿದ್ದ ಫ್ರೆಂಚ್ ಪಾದ್ರಿ ದಾಂತ್ರೆಕೋಲ್ 1712 ಮತ್ತು 1722ರಲ್ಲಿ ಬರೆದ ಎರಡು ಉದ್ದದ ಪತ್ರಗಳಲ್ಲಿ ಅಲ್ಲಿನ ಕೆಲಸದ ರೀತಿ ದಾಖಲಾಗಿದೆ. ಒಬ್ಬ ಹೊರಗೆರೆ ಬರೆಯುತ್ತಾನೆ, ಇನ್ನೊಬ್ಬ ಬಣ್ಣ ತುಂಬುತ್ತಾನೆ. ಒಂದು ಪಾತ್ರೆ ಮುಗಿಯುವಷ್ಟರಲ್ಲಿ 70 ಕೈ ದಾಟುತ್ತದೆ ಎಂದು ಅವನು ಲೆಕ್ಕ ಕೊಡುತ್ತಾನೆ. ಕಾರ್ಖಾನೆಯ ಕೆಲಸ ಹಂಚಿಕೆ ಯುರೋಪಿನ ಆವಿಷ್ಕಾರ ಎಂದು ನಂಬಿದವರು ಈ ಪತ್ರಗಳನ್ನು ಓದಬೇಕು. ಜಿಂಗ್‌ಡೆಝೆನ್‌ನಿಂದ ಬಿಳಿ ಪಾತ್ರೆಗಳು ದಕ್ಷಿಣದ ಗ್ವಾಂಗ್‌ಝೌ ಬಂದರಿಗೆ ಹೋಗಿ, ಅಲ್ಲಿ ಯುರೋಪಿನ ವರ್ತಕರು ಕೊಟ್ಟ ನಮೂನೆಯಂತೆ ಚಿತ್ರ ಬರೆಸಿಕೊಂಡು ಹಡಗು ಹತ್ತುತ್ತಿದ್ದವು.

ಜರ್ಮನಿಯ ಮೈಸೆನ್‌ನಲ್ಲಿ ಯುರೋಪಿನ ಮೊದಲ ಗಟ್ಟಿ ಪಿಂಗಾಣಿ ಕಾರ್ಖಾನೆ ಶುರುವಾದದ್ದು 1710ರಲ್ಲಿ. ಪಾತ್ರೆ ಬಂತು, ಆದರೆ ಅದರ ಮೇಲೆ ನಿಲ್ಲುವ ಒಳ್ಳೆಯ ಬಣ್ಣಗಳಿಗೆ ಹತ್ತು ವರ್ಷ ಕಾಯಬೇಕಾಯಿತು. 1720ರಲ್ಲಿ ವಿಯೆನ್ನಾದಿಂದ ಬಂದ ಯೋಹಾನ್ ಗ್ರೆಗೋರಿಯುಸ್ ಹೆರೋಲ್ಟ್ ಬಣ್ಣದ ಡಬ್ಬಿಗಳ ಸಾಲನ್ನೇ ಬೆಳೆಸಿದ. ಕುಂಚದಲ್ಲಿ ಕಂದಾಗಿದ್ದು ಗೂಡಿನಿಂದ ಥಳಥಳಿಸುತ್ತ ಹೊರಬರುವ ದ್ರವಚಿನ್ನವೂ ಮೈಸೆನ್‌ನದೇ, 1830ರ ಸುಮಾರಿನದು. ಅದಕ್ಕೆ ಮುಂಚಿನ ಚಿನ್ನವನ್ನು ಸುಟ್ಟ ಮೇಲೆ ಅಗೇಟ್ ಕಲ್ಲಿನಿಂದ ಉಜ್ಜಿ ಉಜ್ಜಿ ಹೊಳಪು ತರಬೇಕಿತ್ತು. ದ್ರವಚಿನ್ನದ ಪದರ ತೀರಾ ತೆಳು, ಆದ್ದರಿಂದ ಅಗ್ಗ, ಆದ್ದರಿಂದಲೇ ಬೇಗ ಸವೆಯುತ್ತದೆ. ಲೋಹವಾದ್ದರಿಂದ ಮೈಕ್ರೊವೇವ್‌ನಲ್ಲಿ ಕಿಡಿ ಹಾರಿಸುತ್ತದೆ.

ಬಿಳಿ ತಟ್ಟೆಯನ್ನು ಕೊಂಡು ತಂದು ಮನೆಯಲ್ಲೇ ಚಿತ್ರ ಬರೆಯಬಹುದಾದ್ದರಿಂದ 19ನೇ ಶತಮಾನದ ಕೊನೆಗೆ ಇಂಗ್ಲೆಂಡ್, ಅಮೆರಿಕಗಳಲ್ಲಿ ಇದು ಹೆಂಗಸರ ದೊಡ್ಡ ಹವ್ಯಾಸವಾಯಿತು, ಅನೇಕರಿಗೆ ಸಂಪಾದನೆಯೂ ಆಯಿತು. ಸಿನ್ಸಿನಾಟಿಯ ಮೇರಿ ಲೂಯಿಸ್ ಮೆಕ್ಲಾಗ್ಲಿನ್ 1877ರಲ್ಲಿ ಹವ್ಯಾಸಿಗಳಿಗಾಗಿಯೇ ಕೈಪಿಡಿ ಬರೆದರು. ಕಲಾವಿಮರ್ಶಕರು ಮಾತ್ರ ಇದನ್ನು ಹೊತ್ತುಕಳೆಯುವ ಕೆಲಸವೆಂದು ಬಹುಕಾಲ ಮೂಲೆಗೆ ಸರಿಸಿದರು. ಅದೇ ತಿರಸ್ಕಾರವನ್ನು ಎದುರಿಟ್ಟುಕೊಂಡು ಜೂಡಿ ಶಿಕಾಗೊ 1979ರಲ್ಲಿ 39 ಸ್ತ್ರೀಯರಿಗೆ ಊಟದ ಮೇಜು ಹಾಸಿದ ಪ್ರಸಿದ್ಧ ಕೃತಿ ಮಾಡಿದರು. ಅದರ ತಟ್ಟೆಗಳಿಗೆ ಬಳಸಿದ್ದು ಈ ಓವರ್‌ಗ್ಲೇಜ್ ಬಣ್ಣವನ್ನೇ.

ಅಂಟಿಸಿದ ಹೂವು

ಇಂದು ಅಂಗಡಿಯಲ್ಲಿ ಸಿಗುವ ಹೂವಿನ ಕಪ್ಪಿಗೆ ಕುಂಚ ತಾಗಿರುವುದು ಅಪರೂಪ. 1756ರಲ್ಲಿ ಲಿವರ್‌ಪೂಲಿನ ಜಾನ್ ಸ್ಯಾಡ್ಲರ್ ಮತ್ತು ಗೈ ಗ್ರೀನ್ ಆರು ಗಂಟೆಯಲ್ಲಿ 1,200ಕ್ಕೂ ಹೆಚ್ಚು ಹೆಂಚುಬಿಲ್ಲೆಗಳ ಮೇಲೆ ಚಿತ್ರ ಅಚ್ಚೊತ್ತಿದೆವೆಂದು ಪ್ರಮಾಣ ಮಾಡಿದರು. ಅಚ್ಚಿನ ಚಿತ್ರವನ್ನು ಕಾಗದದಿಂದ ಪಾತ್ರೆಗೆ ವರ್ಗಾಯಿಸುವುದು ಅವರ ಜಾಣತನ. ಅದರ ಇಂದಿನ ರೂಪ ಡೆಕಾಲ್. ಅಂಟು ಸವರಿದ ಕಾಗದದ ಮೇಲೆ ಸೆರಾಮಿಕ್ ಬಣ್ಣದಲ್ಲಿ ಚಿತ್ರ ಮುದ್ರಿಸಿ, ಮೇಲೊಂದು ಲ್ಯಾಕರ್ ಪೊರೆ ಹಾಕಿರುತ್ತಾರೆ. ನೀರಿನಲ್ಲಿ ನೆನೆಸಿದರೆ ಪೊರೆ ಸಮೇತ ಚಿತ್ರ ಜಾರಿ ಬರುತ್ತದೆ. ಕಪ್ಪಿಗೆ ಕೂರಿಸಿ, ಗಾಳಿಗುಳ್ಳೆ ಉಳಿಯದಂತೆ ರಬ್ಬರಿನಿಂದ ತೀಡಿ, ಸುಟ್ಟರಾಯಿತು. ಪೊರೆ ಉರಿದುಹೋಗಿ ಬಣ್ಣ ಉಳಿಯುತ್ತದೆ. ಭೂತಗನ್ನಡಿ ಹಿಡಿದು ನೋಡಿದರೆ ಹೂವಿನಲ್ಲಿ ಪತ್ರಿಕೆಯ ಚಿತ್ರದಲ್ಲಿರುವಂಥ ಚುಕ್ಕೆಗಳು ಹಲವು ಸಲ ಕಾಣುತ್ತವೆ.

ಉತ್ತರ ಪ್ರದೇಶದ ಖುರ್ಜಾದಲ್ಲಿ ಡೆಕಾಲ್ ಮತ್ತು ಕೈಕುಂಚ ಎರಡೂ ಅಕ್ಕಪಕ್ಕದಲ್ಲೇ ನಡೆಯುತ್ತಿವೆ. ಜೈಪುರದ ನೀಲಿ ಪಾತ್ರೆಗಳ ದಾರಿಯೇ ಬೇರೆ. ಅವುಗಳಲ್ಲಿ ಕುಂಬಾರರ ಜೇಡಿಮಣ್ಣು ಇಲ್ಲ. ಬೆಣಚುಕಲ್ಲಿನ ಪುಡಿ, ಗಾಜಿನ ಪುಡಿ, ಮುಲ್ತಾನಿ ಮಿಟ್ಟಿ, ಅಂಟು ಕಲಸಿದ ಹಿಟ್ಟಿನಿಂದ ಪಾತ್ರೆ ಮಾಡಿ, ಬಿಳಿ ಲೇಪದ ಮೇಲೆ ಕೋಬಾಲ್ಟ್ ಮತ್ತು ತಾಮ್ರದಲ್ಲಿ ಬರೆದು, ಗ್ಲೇಜ್ ಹಾಕಿ, 800 ಡಿಗ್ರಿಯ ಆಸುಪಾಸಿನಲ್ಲಿ ಒಂದೇ ಸಲ ಸುಡುತ್ತಾರೆ. ನಶಿಸುತ್ತಿದ್ದ ಈ ಕಲೆಗೆ ಮರುಜೀವ ಕೊಟ್ಟ ಕೃಪಾಲ್ ಸಿಂಗ್ ಶೇಖಾವತ್ ಅವರಿಗೆ 1974ರಲ್ಲಿ ಪದ್ಮಶ್ರೀ ಬಂತು.

ಗ್ಲೇಜಿನ ಬಣ್ಣ ಎಷ್ಟು ಕಾಲ ನಿಲ್ಲಬಲ್ಲದು ಎಂದು ನೋಡಲು ಕನ್ನಡಿಗರು ದೂರ ಹೋಗಬೇಕಿಲ್ಲ. ಇರಾನಿನ ಗಿಲಾನ್‌ನಿಂದ ಬಂದು ಬಹಮನಿ ಸುಲ್ತಾನರ ಮಂತ್ರಿಯಾದ ಮಹಮೂದ್ ಗವಾನ್ ಬೀದರಿನಲ್ಲಿ ಕಟ್ಟಿಸಿದ ಮದರಸಾ 1472ರದು. 1696ರ ಸ್ಫೋಟದಲ್ಲಿ ಒಂದು ಮಿನಾರೂ ಮುಂಭಾಗದ ಪಾಲೂ ಬಿದ್ದುಹೋದವು. ಉಳಿದ ಮಿನಾರು ಮತ್ತು ಗೋಡೆಯಲ್ಲಿ ಗ್ಲೇಜ್ ಹಾಕಿದ ಬಿಲ್ಲೆಗಳು ಸಾಕಷ್ಟು ಉದುರಿವೆ. ಆದರೆ ಗೋಡೆ ಹಿಡಿದು ನಿಂತಿರುವ ಬಿಲ್ಲೆಯಲ್ಲಿ ನೀಲಿ ಇನ್ನೂ ನೀಲಿಯಾಗಿಯೇ ಇದೆ. ಐದೂವರೆ ಶತಮಾನದ ಬಿಸಿಲು ಅದನ್ನು ಅಳಿಸಲಾಗಿಲ್ಲ. ಬಟ್ಟೆಯ ಬಣ್ಣದಂತೆ ಬಿಸಿಲಿಗೆ ಒಡೆಯುವುದು ಇದರಲ್ಲಿ ಏನೂ ಇಲ್ಲ.

ಅಡುಗೆಮನೆಯ ಪ್ರಶ್ನೆ

ಬಿಸಿ ಇಳಿಸಿದ್ದಕ್ಕೆ ತೆತ್ತ ಬೆಲೆ ಬಾಳಿಕೆ ಒಂದೇ ಅಲ್ಲ. ಗಾಜನ್ನು ಬೇಗ ಕರಗಿಸಲು ಶತಮಾನಗಳ ಕಾಲ ಎಲ್ಲರೂ ನೆಚ್ಚಿದ್ದು ಸೀಸವನ್ನು. ಬಣ್ಣ ಉಜ್ವಲವಾಗಿ ಬರುತ್ತಿತ್ತು, ಮೈ ನುಣುಪಾಗುತ್ತಿತ್ತು. ಸರಿಯಾಗಿ ಬೆಂದ ಗಾಜು ಸೀಸವನ್ನು ಬಹಳಮಟ್ಟಿಗೆ ಹಿಡಿದಿಡುತ್ತದೆ. ಅರೆಬೆಂದದ್ದು, ಅಳತೆ ತಪ್ಪಿದ್ದು, ಸೀಸದ ಜೊತೆ ತಾಮ್ರದ ಹಸಿರು ಸೇರಿದ್ದು ಹುಳಿ ತಾಗಿದಾಗ ಬಿಟ್ಟುಕೊಡುತ್ತದೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ಸೀಸದ ಗ್ಲೇಜಿನ ಹೂಜಿಯಲ್ಲಿಟ್ಟ ಸೇಬಿನ ರಸ ಕುಡಿದ ಮಗುವೊಂದು ಸತ್ತದ್ದನ್ನು ಅಲ್ಲಿನ ವೈದ್ಯರು 1970ರಲ್ಲಿ ವರದಿ ಮಾಡಿದರು. ಕಡುಗೆಂಪು, ಕಿತ್ತಳೆಗಳಿಗೆ ಬಳಸುವ ಕ್ಯಾಡ್ಮಿಯಂ ಕೂಡ ಇದೇ ಜಾತಿಯದು.

ಪರೀಕ್ಷೆ ನಮ್ಮ ಅಡುಗೆಮನೆಗೆ ತೀರಾ ಅಪರಿಚಿತವಲ್ಲ. ಶೇ 4ರ ಅಸಿಟಿಕ್ ಆಮ್ಲವನ್ನು, ಅಂದರೆ ಹೆಚ್ಚುಕಡಿಮೆ ವಿನಿಗರನ್ನು, ಪಾತ್ರೆಯಲ್ಲಿ 24 ಗಂಟೆ ಇಟ್ಟು, ಅದರೊಳಗೆ ಎಷ್ಟು ಸೀಸ, ಕ್ಯಾಡ್ಮಿಯಂ ಇಳಿದಿದೆ ಎಂದು ಅಳೆಯುತ್ತಾರೆ. ಯುರೋಪ್ 1984ರಲ್ಲಿ ಸಾಮಾನ್ಯ ಬಟ್ಟಲುಗಳಿಗೆ ಹಾಕಿದ ಮಿತಿ ಲೀಟರಿಗೆ 4 ಮಿಲಿಗ್ರಾಂ ಸೀಸ. ಈಗ ಸೀಸವಿಲ್ಲದ ಓವರ್‌ಗ್ಲೇಜ್ ಬಣ್ಣಗಳು ಧಾರಾಳವಾಗಿ ಸಿಗುತ್ತವೆ.

ಮನೆಯಲ್ಲಿ ಮಾಡಬಹುದಾದದ್ದು ಇಷ್ಟು. ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ, ಚಿತ್ರದ ಮೇಲೆ ಬೆರಳಾಡಿಸಿ. ಚಿತ್ರ ಉಬ್ಬಿದಂತೆ ತಾಗಿದರೆ, ಅದರ ಹೊಳಪು ಸುತ್ತಲಿನದಕ್ಕಿಂತ ಬೇರೆಯಾಗಿ ಕಂಡರೆ ಅದು ಓವರ್‌ಗ್ಲೇಜ್. ಚಿತ್ರ ಹೊರಮೈಯಲ್ಲಿದ್ದರೆ ಚಿಂತೆ ಕಡಿಮೆ. ಒಳಮೈಯಲ್ಲಿದ್ದು, ತಟ್ಟೆ ಹಳೆಯದೋ ಊರುಹೆಸರಿಲ್ಲದ್ದೋ ಆಗಿದ್ದರೆ ಅದರಲ್ಲಿ ಹುಣಸೆಗೊಜ್ಜು, ನಿಂಬೆ ಉಪ್ಪಿನಕಾಯಿ, ಮೊಸರು ಇಟ್ಟು ಮರೆಯಬೇಡಿ. ಗೋಡೆಗೆ ತೂಗುಹಾಕಿ, ಚಂದ ಕಾಣುತ್ತದೆ. ಪಾತ್ರೆ ತೊಳೆಯುವ ಯಂತ್ರದಿಂದಲೂ ದೂರವಿಡಿ, ಅದರ ಕ್ಷಾರ ಈ ಮೆತ್ತನೆಯ ಗಾಜನ್ನೇ ಮೊದಲು ತಿನ್ನುತ್ತದೆ.

ಕೆಂಪಿನ ಹಟ

20ನೇ ಶತಮಾನದಲ್ಲಿ ರಸಾಯನಶಾಸ್ತ್ರಜ್ಞರು ಜಗ್ಗಾಟದ ಹಗ್ಗವನ್ನು ಕೊಂಚ ಎಳೆದರು. ಜಿರ್ಕಾನ್ ಎಂಬ ಬಲು ಗಟ್ಟಿ ಹರಳಿನೊಳಗೆ ವನೇಡಿಯಂ, ಪ್ರಸಿಯೋಡಿಮಿಯಂ, ಕಬ್ಬಿಣ ಸೇರಿಸಿ, ಹೆಚ್ಚಿನ ಬಿಸಿಗೂ ಜಗ್ಗದ ನೀಲಿ, ಹಳದಿ, ತಿಳಿಗೆಂಪು ಪಡೆದರು. ಕ್ಯಾಡ್ಮಿಯಂ ಕೆಂಪನ್ನೂ ಜಿರ್ಕಾನಿನ ಕವಚದಲ್ಲಿ ಬಂಧಿಸಿ 1,200 ಡಿಗ್ರಿ ದಾಟಿಸಿದ್ದಾರೆ. ಅಮೆರಿಕದ ಫಿಯೆಸ್ಟಾ ಪಾತ್ರೆಗಳಲ್ಲಿ 1936ರಿಂದ ಕಿತ್ತಳೆಗೆಂಪಿಗೆ ಯುರೇನಿಯಂ ಬಳಸುತ್ತಿದ್ದರು ಎಂಬುದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. 1943ರಲ್ಲಿ ಅದು ನಿಂತದ್ದು ಆರೋಗ್ಯದ ಕಾಳಜಿಯಿಂದಲ್ಲ, ಬಾಂಬಿನ ಯೋಜನೆಗೆ ಸರ್ಕಾರ ಯುರೇನಿಯಂ ಕೊಂಡೊಯ್ದದ್ದರಿಂದ.

ಗುಜರಾತಿನ ಮೋರ್ಬಿಯಿಂದ ಬರುವ ಟೈಲ್ಸ್ ಇಂದು ನಮ್ಮ ಹಳ್ಳಿಮನೆಗಳ ನೆಲಕ್ಕೂ ಇಳಿದಿವೆ. ಅವುಗಳ ಮೇಲಿನ ಅಮೃತಶಿಲೆಯ ಗೆರೆ, ಮರದ ಎಳೆ ಎಲ್ಲವೂ ಇಂಕ್‌ಜೆಟ್ ಯಂತ್ರ ಚಿಮುಕಿಸಿದ ಸೆರಾಮಿಕ್ ಬಣ್ಣ. ಸೂಜಿಮೊನೆಯ ತೂತಿನಲ್ಲಿ ಹರಿಯಲು ಬಣ್ಣದ ಕಣಗಳನ್ನು ಅತಿ ಸಣ್ಣಗೆ ಅರೆಯಬೇಕು, ಅರೆದಷ್ಟೂ ಜಿರ್ಕಾನಿನ ಕವಚ ಒಡೆದು ಒಳಗಿನ ಕೆಂಪು ಬೆಂಕಿಗೆ ಬಲಿಯಾಗುತ್ತದೆ. ಟೈಲ್ಸ್ ಅಂಗಡಿಯಲ್ಲಿ ಕಂದು, ಬೂದು, ಕೆನೆ ಬಣ್ಣದ ಮಾದರಿಗಳು ಗೋಡೆ ತುಂಬ ಇದ್ದು, ಅಚ್ಚ ಕೆಂಪಿನದು ಹುಡುಕಿದರೂ ಸಿಗದಿರುವುದಕ್ಕೆ ಫ್ಯಾಷನ್ನಿನ ಜೊತೆ ಇದೂ ಒಂದು ಕಾರಣ.